ಮುಖವಿಲ್ಲದ ದೇಹ: ಸಾಹಸ ಕಲಾವಿದ ಯುವೆನ್ ವಾನ ವೃತ್ತಿಬದುಕು

1

ಸಿನಿಮಾ ಕುರಿತ ನಮ್ಮ ವಿಮರ್ಶೆಯಲ್ಲಿ ನಟನೆಂದರೆ ಬಹುಮಟ್ಟಿಗೆ ಮುಖ. ಕಣ್ಣಿನ ಚಲನೆ, ತುಟಿಯ ಕಂಪನ, ಮಾತಿನ ಏರಿಳಿತಗಳನ್ನು ಕುರಿತು ಪುಟಗಟ್ಟಲೆ ಬರೆಯುವ ನಾವು, ಅದೇ ಪರದೆಯ ಮೇಲೆ ಎತ್ತರದಿಂದ ಬೀಳುವ, ಗಾಜು ಒಡೆದು ಹೊರಗೆ ಹಾರುವ, ಗಾಳಿಯಲ್ಲಿ ಲಾಗ ಹಾಕಿ ನೆಲದ ಮೇಲೆ ನಿಲ್ಲುವ ದೇಹದ ಮಾತು ಬಂದಾಗ 'ಹೊಡೆದಾಟದ ದೃಶ್ಯಗಳು ಚೆನ್ನಾಗಿವೆ' ಎಂಬ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತೇವೆ. ಆ ದೇಹ ಯಾರದು ಎಂಬ ಪ್ರಶ್ನೆಯೇ ಏಳುವುದಿಲ್ಲ. ಏಳದಂತೆ ನೋಡಿಕೊಳ್ಳುವುದೇ ಸಾಹಸ ಕಲಾವಿದನ ವೃತ್ತಿಯ ಮೊದಲ ಷರತ್ತು ಕೂಡ ಹೌದು.

ಪ್ರಸ್ತುತ ಲೇಖನವು ಹಾಂಗ್‌ಕಾಂಗ್ ಚಿತ್ರರಂಗದ ಸಾಹಸ ಕಲಾವಿದ ಮತ್ತು ನಟ ಯುವೆನ್ ವಾನ ವೃತ್ತಿಬದುಕನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಕೇಳುವ ಒಂದು ಪ್ರಯತ್ನ. ನಮ್ಮಲ್ಲಿ ಈತನ ಹೆಸರು ಬಲ್ಲವರು ವಿರಳ. ಆದರೆ ಬ್ರೂಸ್ ಲೀಯ ಚಿತ್ರಗಳನ್ನು ನೋಡಿದ ಯಾರೂ ಈತನನ್ನು ನೋಡಿಲ್ಲವೆಂದು ಹೇಳುವಂತಿಲ್ಲ. ಲೀಯ ಪಾತ್ರ ಪರದೆಯ ಮೇಲೆ ಲಾಗ ಹಾಕಿದ ಪ್ರಸಿದ್ಧ ಘಳಿಗೆಗಳಲ್ಲಿ ಅಲ್ಲಿದ್ದುದು ಲೀಯ ದೇಹವಲ್ಲ, ಯುವೆನ್ ವಾನ ದೇಹ. ಬ್ರೂಸ್ ಲೀ ಹಾಂಗ್‌ಕಾಂಗ್ ಸಿನಿಮಾವನ್ನು ಸಾಂಪ್ರದಾಯಿಕ ರಂಗಭೂಮಿಯ ಕೃತಕತೆಯಿಂದ ಬಿಡಿಸಿ ವಾಸ್ತವದ ಹೊಡೆದಾಟದತ್ತ ಒಯ್ದನು ಎಂಬುದು ಈಗ ಪ್ರಚಲಿತದಲ್ಲಿರುವ ಚರಿತ್ರೆಯ ಕಥನ. ಯುವೆನ್ ವಾನ ಬದುಕನ್ನು ಗಮನಿಸಿದರೆ ಈ ಕಥನ ಅಷ್ಟು ಸರಳವಾಗಿ ನಿಲ್ಲುವುದಿಲ್ಲ. ರಂಗಭೂಮಿಯ ದೇಹ ಪರದೆಯಿಂದ ಹೊರಗೆ ಹೋಗಲಿಲ್ಲ, ತಾರೆಯ ದೇಹದ ಒಳಗೆ ಅಡಗಿ ಕುಳಿತಿತು ಎಂಬುದು ಈ ಲೇಖನದ ವಾದ.

2

ಯುವೆನ್ ವಾ ಹುಟ್ಟಿದ್ದು 1950ರ ಸೆಪ್ಟೆಂಬರ್‌ನಲ್ಲಿ, ಹಾಂಗ್‌ಕಾಂಗ್‌ನಲ್ಲಿ. 'ಯುವೆನ್ ವಾ' ಹುಟ್ಟುಹೆಸರಲ್ಲ, ಕಲಿಕೆಯ ಹೆಸರು. ಬಾಲ್ಯದಲ್ಲಿ ಆತ ಸೇರಿದ್ದು ಯು ಜಿಮ್-ಯುವೆನ್ ಎಂಬ ಗುರು ನಡೆಸುತ್ತಿದ್ದ 'ಚೀನಾ ನಾಟಕ ಅಕಾಡೆಮಿ'ಯನ್ನು. ಅಲ್ಲಿ ಕಲಿಸುತ್ತಿದ್ದುದು ಪೀಕಿಂಗ್ ಒಪೆರಾ. ಹಾಡು, ಮಾತು, ಅಭಿನಯ, ಕತ್ತಿವರಸೆ, ಲಾಗ, ಮುಖವರ್ಣಿಕೆ ಎಲ್ಲವೂ ಸೇರಿದ ರಂಗಕಲೆ ಅದು. ಮಕ್ಕಳನ್ನು ವರ್ಷಗಳ ಕರಾರಿನ ಮೇಲೆ ಗುರುವಿಗೆ ಒಪ್ಪಿಸುವುದು ಅಲ್ಲಿನ ಪದ್ಧತಿ. ಊಟ, ವಸತಿ ಗುರುವಿನದು, ಕರಾರಿನ ಅವಧಿಯ ಗಳಿಕೆಯೂ ಗುರುವಿನದೇ. ಇದೇ ಶಾಲೆಯ ಜಾಕಿ ಚಾನ್ 1998ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಅಲ್ಲಿನ ಶಿಕ್ಷೆ, ಗಂಟೆಗಟ್ಟಲೆ ಸಾಗುತ್ತಿದ್ದ ಅಭ್ಯಾಸ, ಅಂಗೈ ಊರಿ ತಲೆಕೆಳಗಾಗಿ ನಿಲ್ಲಬೇಕಾಗಿದ್ದ ಅವಧಿಗಳನ್ನು ವಿವರವಾಗಿ ನಿರೂಪಿಸಿದ್ದಾನೆ. 1988ರಲ್ಲಿ ಅಲೆಕ್ಸ್ ಲಾ ನಿರ್ದೇಶಿಸಿದ 'ಪೇಂಟೆಡ್ ಫೇಸಸ್' ಚಿತ್ರ ಈ ಶಾಲೆಯದೇ ಕಥೆ. ಅದರಲ್ಲಿ ಗುರುವಿನ ಪಾತ್ರ ವಹಿಸಿದವನು ಹಳೆಯ ಶಿಷ್ಯ ಸಾಮೊ ಹಂಗ್. ಈ ಚಿತ್ರ ಗುರುವನ್ನು ಮರುಕದಿಂದ ನೋಡುತ್ತದೆ. ಬೆತ್ತದ ಏಟನ್ನು ನೆನಪಿನ ಮಂಜಿನಲ್ಲಿ ಮೃದುಗೊಳಿಸುತ್ತದೆ ಎಂಬ ಆಕ್ಷೇಪಕ್ಕೂ ಅಲ್ಲಿ ಅವಕಾಶವಿದೆ.

ಶಾಲೆಗೆ ಸೇರಿದ ಮಕ್ಕಳಿಗೆ ಗುರುವಿನ ಹೆಸರಿನ ಕೊನೆಯ ಅಕ್ಷರವಾದ 'ಯುವೆನ್' ಮೊದಲ ಪದವಾಗಿ ಅಂಟುತ್ತಿತ್ತು. ಸಾಮೊ ಹಂಗ್ ಅಲ್ಲಿ ಯುವೆನ್ ಲುಂಗ್, ಜಾಕಿ ಚಾನ್ ಯುವೆನ್ ಲಾವ್. ಉಳಿದವರು ಯುವೆನ್ ಬಿಯಾವ್, ಯುವೆನ್ ಕ್ವಾಯ್, ಯುವೆನ್ ತಾಕ್, ಯುವೆನ್ ಬುನ್, ಯುವೆನ್ ವಾ, ಜೊತೆಗೆ ಹುಡುಗಿಯರಲ್ಲಿ ಒಬ್ಬಳಾದ ಯುವೆನ್ ಚ್ಯೂ. (ಮುಂದೆ 'ಮೇಟ್ರಿಕ್ಸ್' ಚಿತ್ರದ ಹೊಡೆದಾಟಗಳಿಂದ ಜಗತ್ಪ್ರಸಿದ್ಧನಾದ ಯುವೆನ್ ವೂ-ಪಿಂಗ್ ಈ ಬಳಗದವನಲ್ಲ. ಆತನ 'ಯುವೆನ್' ಮನೆತನದ ಹೆಸರು, ಚೀನೀ ಲಿಪಿಯಲ್ಲಿ ಅದರ ಅಕ್ಷರವೇ ಬೇರೆ.) ಒಂದು ಸಂಗತಿ ಇಲ್ಲಿ ಗಮನಾರ್ಹ. ತಾರೆಗಳಾಗಿ ಹೆಸರು ಮಾಡಿದ ಇಬ್ಬರು, ಅಂದರೆ ಹಂಗ್ ಮತ್ತು ಚಾನ್, ಗುರುವಿನ ಅಕ್ಷರವನ್ನು ಬಿಟ್ಟರು. ತೆರೆಯ ಹಿಂದೆ ದುಡಿದವರಲ್ಲಿ ಬಹುಪಾಲು ಜನ ಅದನ್ನು ಕೊನೆಯವರೆಗೂ ಹೊತ್ತರು. ನಾಯಕನಾಗಿಯೂ ಹೆಸರನ್ನು ಉಳಿಸಿಕೊಂಡ ಯುವೆನ್ ಬಿಯಾವ್ ಇದಕ್ಕೆ ಅಪವಾದ. ಸಾಹಸ ಕಲಾವಿದನ ಹೆಸರು ಅವನೊಬ್ಬನದಲ್ಲ, ಒಂದು ತರಬೇತಿಯ ಗುರುತು ಎಂಬುದನ್ನು ಇದು ಸೂಚಿಸುತ್ತದೆ.

ಶಾಲೆಯ ಮಕ್ಕಳಲ್ಲಿ ನುರಿತವರ ತಂಡಕ್ಕೆ 'ಏಳು ಪುಟ್ಟ ಭಾಗ್ಯಗಳು' ಎಂದು ಹೆಸರು. ಪ್ರದರ್ಶನದಿಂದ ಪ್ರದರ್ಶನಕ್ಕೆ ಸದಸ್ಯರು ಬದಲಾಗುತ್ತಿದ್ದುದರಿಂದ ಆ ಏಳು ಜನ ಯಾರು ಎಂಬ ಬಗ್ಗೆ ಒಂದೇ ಖಚಿತ ಪಟ್ಟಿಯಿಲ್ಲ. ಲಾಯ್ ಯುವೆನ್ ಎಂಬ ಮನರಂಜನಾ ಉದ್ಯಾನದಲ್ಲಿ ಅವರ ಆಟಗಳು ನಡೆಯುತ್ತಿದ್ದವು. ಆದರೆ ಈ ಕಲೆಗೆ ಹಾಂಗ್‌ಕಾಂಗ್‌ನಲ್ಲಿ ನೆಲೆಯಿರಲಿಲ್ಲ. ಪೀಕಿಂಗ್ ಒಪೆರಾ ಉತ್ತರ ಚೀನಾದ್ದು, ಹಾಂಗ್‌ಕಾಂಗ್‌ನ ಜನ ಕ್ಯಾಂಟನೀಸ್ ಮಾತನಾಡುವವರು. ಅವರ ಸ್ವಂತದ ಕ್ಯಾಂಟನೀಸ್ ಒಪೆರಾವೇ 1960ರ ದಶಕದಲ್ಲಿ ಸಿನಿಮಾ ಮತ್ತು ದೂರದರ್ಶನಗಳ ಎದುರು ಸೊರಗುತ್ತಿತ್ತು. ಉತ್ತರದಿಂದ ಬಂದ ಕಲೆಯನ್ನು ಕಲಿತ ಮಕ್ಕಳ ಕೈಯಲ್ಲಿ ಹತ್ತು ವರ್ಷಗಳ ಕಲಿಕೆಯ ನಂತರ ಉಳಿದದ್ದು ಪ್ರೇಕ್ಷಕರಿಲ್ಲದ ಒಂದು ವಿದ್ಯೆ. ಹಾಡು, ಮಾತು, ಅಭಿನಯಗಳಿಗೆ ಕೊಳ್ಳುವವರಿರಲಿಲ್ಲ. ಅದರ ಒಂದು ಭಾಗಕ್ಕೆ ಮಾತ್ರ, ಅಂದರೆ ಲಾಗ ಮತ್ತು ಬೀಳುವಿಕೆಗೆ, ಷಾ ಬ್ರದರ್ಸ್‌ನಂತಹ ಚಿತ್ರ ತಯಾರಿಕಾ ಸಂಸ್ಥೆಗಳಲ್ಲಿ ದಿನಗೂಲಿ ದೊರೆಯುತ್ತಿತ್ತು. ಇಡಿಯಾದ ಒಬ್ಬ ಕಲಾವಿದನಿಂದ ಚಿತ್ರೋದ್ಯಮ ಒಂದು ತುಂಡನ್ನು ಮಾತ್ರ ಕೊಂಡಿತು.

ಈ ದಿನಗೂಲಿಯ ಕಲಾವಿದರಿಗೆ ಕ್ಯಾಂಟನೀಸ್‌ನಲ್ಲಿ ಇರುವ ಹೆಸರು 'ಲುಂಗ್ ಫು ಮೋ ಸಿ', ಅಂದರೆ ಡ್ರ್ಯಾಗನ್ ಮತ್ತು ಹುಲಿಯಂತಹ ಸಮರಗುರುಗಳು. ಹೆಸರಿನಲ್ಲಿ ಇಷ್ಟು ಗೌರವ, ಬೀಳುವಾಗ ಕೆಳಗೆ ಹಾಸಿದ್ದು ಖಾಲಿ ರಟ್ಟಿನ ಪೆಟ್ಟಿಗೆಗಳು. ನಮ್ಮ ಚಿತ್ರರಂಗದ ಆಡುಮಾತಿನಲ್ಲಿ ಬಳಕೆಯಲ್ಲಿರುವ 'ಡ್ಯೂಪ್' ಎಂಬ ಪದದಲ್ಲಿ ಆ ಗೌರವವೂ ಇಲ್ಲ. ಮೋಸ ಎಂಬ ಅರ್ಥದ ನೆರಳು ಅದಕ್ಕೆ ಅಂಟಿಕೊಂಡೇ ಬಂದಿದೆ. 'ನಾಯಕ ಡ್ಯೂಪ್ ಹಾಕದೆ ಮಾಡಿದ' ಎಂಬುದು ನಾಯಕನಿಗೆ ಸಲ್ಲುವ ಹೊಗಳಿಕೆ. ಡ್ಯೂಪ್ ಆಗಿ ಮಾಡಿದವನನ್ನು ಹೊಗಳಲು ಅಂತಹ ಸಿದ್ಧ ನುಡಿಗಟ್ಟು ನಮ್ಮಲ್ಲಿಲ್ಲ.

3

ಬ್ರೂಸ್ ಲೀ 1971ರಲ್ಲಿ ಗೋಲ್ಡನ್ ಹಾರ್ವೆಸ್ಟ್ ಸಂಸ್ಥೆಯ 'ದ ಬಿಗ್ ಬಾಸ್' ಮೂಲಕ ಹಾಂಗ್‌ಕಾಂಗ್ ಪರದೆಗೆ ನಾಯಕನಾಗಿ ಬಂದನು. ವಿಂಗ್ ಚುನ್ ಪದ್ಧತಿಯಲ್ಲಿ ತರಬೇತಾಗಿದ್ದ ಆತ ಅಲಂಕಾರದ ಚಲನೆಗಳನ್ನು ಒಪ್ಪುತ್ತಿರಲಿಲ್ಲ. ಅತಿ ಕಡಿಮೆ ಚಲನೆಯಲ್ಲಿ ಎದುರಾಳಿಯನ್ನು ತಡೆಯಬೇಕೆಂಬುದು ಆತನೇ ರೂಪಿಸಿದ ಜೀತ್ ಕುನ್ ಡೋ ಪದ್ಧತಿಯ ತಿರುಳು. ಆತನ ವೇಗ ಮತ್ತು ಒದೆತಗಳು ಆತನವೇ. ಅದರಲ್ಲಿ ಸಂಶಯವಿಲ್ಲ. ಆದರೆ ಲಾಗ ಹಾಕುವುದು ಆತನ ಕಲಿಕೆಯ ಭಾಗವಾಗಿರಲಿಲ್ಲ, ಚಿತ್ರದ ಪ್ರೇಕ್ಷಕರಿಗೋ ಲಾಗ ಬೇಕೇ ಬೇಕಿತ್ತು. ಅವರ ಕಣ್ಣು ತಲೆಮಾರುಗಳಿಂದ ಒಪೆರಾದ ವೀರನಿಗೆ ಒಗ್ಗಿಕೊಂಡಿತ್ತು. ಲೀಯ ತಂದೆ ಲೀ ಹೊಯ್-ಚುವೆನ್ ಸ್ವತಃ ಕ್ಯಾಂಟನೀಸ್ ಒಪೆರಾದ ನಟನಾಗಿದ್ದನು. 'ದ ಬಿಗ್ ಬಾಸ್' ಚಿತ್ರದ ಸಾಹಸ ನಿರ್ದೇಶಕ ಹಾನ್ ಯಿಂಗ್-ಚಿಯೆ ಕೂಡ ಒಪೆರಾ ಹಿನ್ನೆಲೆಯವನು, ಅದೇ ಚಿತ್ರದ ಖಳನಾಯಕನೂ ಅವನೇ. ಹೀಗಿರುವಾಗ ಒಪೆರಾವನ್ನು ಬಿಟ್ಟುಬಂದ ಸಿನಿಮಾ ಎಂಬ ಮಾತನ್ನು ಎಚ್ಚರದಿಂದ ಬಳಸಬೇಕಾಗುತ್ತದೆ.

1972ರ 'ಫಿಸ್ಟ್ ಆಫ್ ಫ್ಯೂರಿ'ಯಿಂದ ಲಾಗದ ಕೆಲಸ ಯುವೆನ್ ವಾನಿಗೆ ಬಂದಿತು. ಸಪೂರವಾದ, ಲೀಯನ್ನು ಹೋಲುವ ಮೈಕಟ್ಟು ಆತನದಾಗಿದ್ದುದು ಇದಕ್ಕೆ ಅನುಕೂಲವಾಯಿತು. ತಂತ್ರ ಸರಳವಾದದ್ದು. ನಾಯಕನ ಮುಖ ಕಾಣುವ ಒಂದು ತುಣುಕು, ಬೆನ್ನು ಮಾತ್ರ ಕಾಣುವ ಅಥವಾ ದೂರದಿಂದ ತೆಗೆದ ಇನ್ನೊಂದು ತುಣುಕು, ಮತ್ತೆ ಮುಖ. ಮಧ್ಯದ ತುಣುಕು ಒಂದೆರಡು ಕ್ಷಣಗಳದ್ದು. ಸಂಕಲನಕಾರನ ಕತ್ತರಿ ಎರಡು ದೇಹಗಳನ್ನು ಒಂದು ಹೆಸರಿಗೆ ಹೊಲಿಯುತ್ತದೆ. ಹಾಂಗ್‌ಕಾಂಗ್ ಚಿತ್ರಗಳನ್ನು ಕುರಿತ 'ಪ್ಲಾನೆಟ್ ಹಾಂಗ್‌ಕಾಂಗ್' (2000) ಎಂಬ ಕೃತಿಯಲ್ಲಿ ಡೇವಿಡ್ ಬೋರ್ಡ್‌ವೆಲ್ ಅಲ್ಲಿನ ಹೊಡೆದಾಟಗಳ ಲಯವನ್ನು ನಿಲುಗಡೆ, ಸ್ಫೋಟ, ಮತ್ತೆ ನಿಲುಗಡೆ ಎಂಬ ಕ್ರಮದಲ್ಲಿ ಗುರುತಿಸಿದ್ದಾನೆ. ಒಪೆರಾದ ನಟ ಚಲನೆಯ ತುದಿಯಲ್ಲಿ ಒಂದು ಭಂಗಿಯಲ್ಲಿ ನಿಶ್ಚಲನಾಗಿ ನಿಲ್ಲುವ ಕ್ರಮಕ್ಕೂ ಇದಕ್ಕೂ ನಂಟಿದೆ. ಈ ವಿವರಣೆಗೆ ನಾನು ಸೇರಿಸಬಯಸುವುದು ಇಷ್ಟು: ಡ್ಯೂಪ್ ಬಳಸಿದ ದೃಶ್ಯಗಳಲ್ಲಿ ನಿಲುಗಡೆಗಳು ತಾರೆಗೆ ಸೇರುತ್ತವೆ, ನಡುವಿನ ಸ್ಫೋಟದ ಒಂದು ಪಾಲು ಇನ್ನೊಬ್ಬನದಾಗಿರುತ್ತದೆ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಧಿಗಿಣ ಹಾರಿದ ವೇಷಧಾರಿಯೇ ಮರುಕ್ಷಣ ನಿಂತು ಚಪ್ಪಾಳೆಯನ್ನು ಪಡೆಯುತ್ತಾನೆ, ಎಷ್ಟು ಸುತ್ತು ಹಾರಿದನೆಂದು ಸಭೆ ಎಣಿಸುತ್ತದೆ. ಸಿನಿಮಾದಲ್ಲಿ ಹಾರಿದವನೊಬ್ಬ, ಚಪ್ಪಾಳೆ ಪಡೆಯುವವನೊಬ್ಬ.

ಈ ಚಿತ್ರದ ಅತ್ಯಂತ ಚರ್ಚಿತ ದೃಶ್ಯ ಷಾಂಘೈನ ಉದ್ಯಾನದ ಬಾಗಿಲಿನಲ್ಲಿ ನಡೆಯುತ್ತದೆ. ನಾಯಿಗಳಿಗೂ ಚೀನೀಯರಿಗೂ ಪ್ರವೇಶವಿಲ್ಲವೆಂಬ ಫಲಕವನ್ನು ತೋರಿಸಿ ನಾಯಕ ಚೆನ್ ಝೆನ್‌ನನ್ನು ಕಾವಲುಗಾರನು ತಡೆಯುತ್ತಾನೆ. ಆ ಕಾವಲುಗಾರ ಪೇಟ ಧರಿಸಿದ ಸಿಖ್ಖನೆಂಬುದು ನಾವು ಗಮನಿಸಲೇಬೇಕಾದ ವಿವರ. ವಸಾಹತು ಷಾಂಘೈನ ಪೋಲೀಸ್ ಪಡೆಯಲ್ಲಿ ಬ್ರಿಟಿಷರು ಪಂಜಾಬಿನ ಸಿಖ್ಖರನ್ನು ನೇಮಿಸಿದ್ದರು. ಆಗ ಅಲ್ಲಿಗೆ ಬರುವ ಜಪಾನೀಯರ ಗುಂಪಿನಲ್ಲಿ ಒಬ್ಬ, ನಾಯಿಯಂತೆ ನಡೆದರೆ ಒಳಗೆ ಕರೆದೊಯ್ಯುವೆನೆಂದು ನಾಯಕನನ್ನು ಹಂಗಿಸುತ್ತಾನೆ. ಈ ಜಪಾನೀಯನ ಪಾತ್ರದಲ್ಲಿರುವವನು ಯುವೆನ್ ವಾ. ಅಂದರೆ ಒಂದೇ ಚಿತ್ರದಲ್ಲಿ ನಾಯಕನನ್ನು ಅವಮಾನಿಸುವ ಮುಖವೂ ನಾಯಕನ ಲಾಗದ ದೇಹವೂ ಒಬ್ಬನದೇ. ಇನ್ನು ಕೊನೆಯ ಕಾಳಗದಲ್ಲಿ ನಾಯಕನ ಒದೆತಕ್ಕೆ ಹಿಂದಕ್ಕೆ ಎಗರಿ ಬೀಳುವ ಖಳನಾಯಕನ ದೇಹ ಆಗಿನ್ನೂ ಹೆಸರಿಲ್ಲದ ಜಾಕಿ ಚಾನ್‌ನದು. ಚೀನಾ ಮತ್ತು ಜಪಾನ್‌ಗಳ ವೈರವನ್ನು ಪ್ರತಿನಿಧಿಸುವ ಆ ಚಿತ್ರದಲ್ಲಿ ನಾಯಕ ಹಾರುವಾಗಲೂ ಖಳ ಬೀಳುವಾಗಲೂ ಕೆಲಸಮಾಡಿದ್ದು ಒಂದೇ ಗುರುವಿನ ಇಬ್ಬರು ಶಿಷ್ಯರು.

ಮರುವರ್ಷದ 'ಎಂಟರ್ ದ ಡ್ರ್ಯಾಗನ್' ಬ್ರೂಸ್ ಲೀಯ ಹೆಸರನ್ನು ಅಮೆರಿಕ ಮತ್ತು ಯೂರೋಪುಗಳಿಗೆ ಒಯ್ದಿತು. 1973ರ ಜುಲೈ 20ರಂದು ತೀರಿಕೊಂಡ ಲೀ ಅದರ ಬಿಡುಗಡೆಯನ್ನು ಕಾಣಲಿಲ್ಲ. ಇದರ ಆರಂಭದ ಸೆಣಸಾಟದಲ್ಲಿ ಲೀಯ ಎದುರಾಳಿ ಸಾಮೊ ಹಂಗ್. ಕಾವಲುಗಾರರ ಗುಂಪಿನಲ್ಲಿ ಕುತ್ತಿಗೆ ಮುರಿಸಿಕೊಳ್ಳುವವನು ಜಾಕಿ ಚಾನ್. ಓಹಾರಾ ಎಂಬ ಖಳನೊಡನೆ ನಡೆಯುವ ಕಾಳಗದಲ್ಲಿ ನಾಯಕ ಹಿಂದಕ್ಕೆ ಲಾಗ ಹಾಕುತ್ತಲೇ ಎದುರಾಳಿಯನ್ನು ಒದೆಯುತ್ತಾನೆ. ಅದು ಯುವೆನ್ ವಾನ ಲಾಗ.

ಲೀಯ ಸಾವಿನ ನಂತರ ನಡೆದದ್ದು ಡ್ಯೂಪ್‌ನ ಸಮಸ್ಯೆಯನ್ನು ಅದರ ತುದಿಗೆ ಒಯ್ಯುತ್ತದೆ. 1972ರಲ್ಲಿ ಲೀ ಅರ್ಧಕ್ಕೆ ಬಿಟ್ಟಿದ್ದ 'ಗೇಮ್ ಆಫ್ ಡೆತ್' ಚಿತ್ರವನ್ನು 1978ರಲ್ಲಿ ರಾಬರ್ಟ್ ಕ್ಲೌಸ್ ಪೂರ್ತಿಗೊಳಿಸಿದನು. ಲೀ ಇರುವ ಭಾಗ ಕೆಲವೇ ನಿಮಿಷಗಳದ್ದು. ಉಳಿದೆಡೆ ಕೊರಿಯಾದ ಕಿಮ್ ತಾಯ್-ಜುಂಗ್ ನಾಯಕನಾದನು, ಲಾಗಗಳಿಗೆ ಯುವೆನ್ ಬಿಯಾವ್ ಬಂದನು. ಒಂದೆಡೆ ಕನ್ನಡಿಯ ಮುಂದೆ ಕುಳಿತವನ ಬಿಂಬಕ್ಕೆ ಲೀಯ ಮುಖದ ಚಿತ್ರವನ್ನು ಅಂಟಿಸಲಾಗಿದೆ. ಲೀಯ ನಿಜವಾದ ಅಂತ್ಯಕ್ರಿಯೆಯ ದೃಶ್ಯಗಳನ್ನೂ ಕಥೆಯೊಳಗೆ ಸೇರಿಸಲಾಗಿದೆ. ಇದು ಅಭಿರುಚಿಹೀನ ಎಂಬುದರಲ್ಲಿ ಎರಡು ಮಾತಿಲ್ಲ. ಆದರೂ ಅದು ಬಯಲು ಮಾಡಿದ ಸತ್ಯವೊಂದಿದೆ. ತಾರೆಯಿಲ್ಲದೆ ಡ್ಯೂಪ್‌ಗಳಿಂದಲೇ ಚಿತ್ರ ನಡೆಯಬಹುದು, ಮುಖದ ಹಕ್ಕು ಮಾತ್ರ ಸತ್ತವನದೇ ಆಗಿರುತ್ತದೆ. ಅದೇ ಕಿಮ್ 1980ರ ದಶಕದಲ್ಲಿ 'ನೋ ರಿಟ್ರೀಟ್, ನೋ ಸರೆಂಡರ್' ಚಿತ್ರದಲ್ಲಿ ಬ್ರೂಸ್ ಲೀಯ ಪ್ರೇತವಾಗಿ ಮತ್ತೆ ಬಂದನು. ಆ ಚಿತ್ರದ ನಿರ್ದೇಶಕ ಯುವೆನ್ ಕ್ವಾಯ್.

4

ಲೀಯ ಕಾಲಾನಂತರ ಯುವೆನ್ ವಾ ಷಾ ಬ್ರದರ್ಸ್‌ನ ಚಿತ್ರಗಳಲ್ಲಿ ಸಾಹಸ ಕಲಾವಿದನಾಗಿ, ಸಾಹಸ ಸಂಯೋಜಕನಾಗಿ ದುಡಿದನು. ಪ್ರೇಕ್ಷಕರಿಗೆ ಆತ ಮುಖ್ಯ ಪಾತ್ರಧಾರಿಯಾಗಿ ಕಾಣತೊಡಗಿದ್ದು 1980ರ ದಶಕದಲ್ಲಿ. ಆದರೆ ಆಗಲೂ ಮುಖ ನೇರವಾಗಿ ಕಾಣಲಿಲ್ಲ.

1985ರ 'ಮಿಸ್ಟರ್ ವ್ಯಾಂಪೈರ್' ಚಿತ್ರದ ಮುಖ್ಯ ಪ್ರೇತ ಯುವೆನ್ ವಾ. ಚೀನೀ ಜಾನಪದದ ಈ ಪ್ರೇತಕ್ಕೆ ಕ್ವಿಂಗ್ ಕಾಲದ ಅಧಿಕಾರಿಯ ಉಡುಪು, ಬಿಳಚಿದ ಮುಖ. ಕೈಗಳನ್ನು ಮುಂದಕ್ಕೆ ಚಾಚಿ ಸೆಟೆದ ದೇಹದಲ್ಲಿ ಅದು ಕುಪ್ಪಳಿಸುತ್ತದೆ. ಮೈಯನ್ನು ಬಳ್ಳಿಯಂತೆ ಬಳುಕಿಸಲು ಬಾಲ್ಯದಿಂದ ಕಲಿತವನಿಗೆ ದೊರೆತ ಪಾತ್ರ ಮೊಣಕಾಲನ್ನೂ ಮಡಿಸುವಂತಿಲ್ಲದ ಶವದ್ದು. ಆದರೆ ಅಷ್ಟು ಸೆಟೆದ ದೇಹ ಭಯವನ್ನೂ ನಗೆಯನ್ನೂ ಒಟ್ಟಿಗೆ ಹುಟ್ಟಿಸಬೇಕಾದರೆ ಒಳಗಿನ ಹತೋಟಿ ಎಷ್ಟಿರಬೇಕು ಎಂಬುದನ್ನು ಯೋಚಿಸಬೇಕು. ಪ್ರೇತವನ್ನು ಎದುರಿಸುವ ತಾವೋ ಪುರೋಹಿತನಾಗಿ ನಟಿಸಿರುವ ಲಾಮ್ ಚಿಂಗ್-ಯಿಂಗ್ ಕೂಡ ಒಪೆರಾ ಶಾಲೆಯೊಂದರಲ್ಲಿ ಕಲಿತವನು, ಬ್ರೂಸ್ ಲೀಯ ಚಿತ್ರಗಳಲ್ಲಿ ಸಹಾಯಕನಾಗಿ ದುಡಿದವನು. ಹತ್ತಾರು ವರ್ಷ ತಾರೆಯ ಹಿಂದೆ ನಿಂತಿದ್ದ ಇಬ್ಬರು ಈ ಚಿತ್ರದಲ್ಲಿ ಎದುರುಬದುರಾದರು.

ನಂತರದ್ದು ಖಳಪಾತ್ರಗಳ ಕಾಲ. ಸಾಮೊ ಹಂಗ್ ನಿರ್ದೇಶನದ 'ಈಸ್ಟರ್ನ್ ಕಾಂಡರ್ಸ್' (1987) ಚಿತ್ರದ ವಿಯೆಟ್ನಾಮೀ ಸೇನಾಧಿಕಾರಿ ಕನ್ನಡಕ ಧರಿಸಿ, ಬೀಸಣಿಗೆ ಹಿಡಿದು, ಕಿಲಕಿಲ ನಗುವ ನಾಜೂಕಿನವನು. ಆತ ಕಾಳಗಕ್ಕೆ ಇಳಿಯುವವರೆಗೂ ಆ ದೇಹದಲ್ಲಿ ಅಷ್ಟು ಕ್ರೌರ್ಯವಿದೆಯೆಂದು ಅನ್ನಿಸುವುದಿಲ್ಲ. 'ಡ್ರ್ಯಾಗನ್ಸ್ ಫಾರೆವರ್' (1988) ಚಿತ್ರದಲ್ಲಿ ಸದಾ ಚುಟ್ಟಾ ಸೇದುವ ಮಾದಕವಸ್ತುಗಳ ದೊರೆ. 'ದ ಐಸ್‌ಮನ್ ಕಮೆತ್' (1989) ಚಿತ್ರದಲ್ಲಿ ಯುವೆನ್ ಬಿಯಾವ್‌ನ ಎದುರಾಳಿ. 'ಪೋಲೀಸ್ ಸ್ಟೋರಿ 3' (1992) ಚಿತ್ರದಲ್ಲಿ ಸೆರೆಮನೆಯಿಂದ ತಪ್ಪಿಸಿಕೊಳ್ಳುವ ಪ್ಯಾಂಥರ್. ಬೀಸಣಿಗೆ, ಚುಟ್ಟಾ, ಕನ್ನಡಕ, ನಗು ಇವು ಒಪೆರಾದ ಪಾತ್ರಪ್ರಕಾರಗಳನ್ನು ಗುರುತಿಸುವ ಸಲಕರಣೆಗಳಂತೆಯೇ ಕೆಲಸ ಮಾಡುತ್ತವೆ. ಚಿತ್ರೋದ್ಯಮ ಹಿಂದೆ ಕೊಳ್ಳದೆ ಬಿಟ್ಟಿದ್ದ ಭಾಗ, ಅಂದರೆ ಅಭಿನಯ, ಖಳನ ವೇಷದಲ್ಲಿ ಹಿಂಬಾಗಿಲಿನಿಂದ ಒಳಗೆ ಬಂದಿತು. ಸಹಪಾಠಿಗಳು ನಿರ್ದೇಶಕರಾಗಿದ್ದರಿಂದ ಇದು ಸಾಧ್ಯವಾಯಿತು ಎಂಬುದನ್ನೂ ಮರೆಯುವಂತಿಲ್ಲ. ಆತನ ಏಳಿಗೆಯನ್ನು ವ್ಯಕ್ತಿಪ್ರತಿಭೆಯ ಗೆಲುವೆಂದು ಮಾತ್ರ ಬಣ್ಣಿಸುವುದು ಅಪೂರ್ಣವಾದೀತು.

5

2004ರ ಕೊನೆಯಲ್ಲಿ ತೆರೆಕಂಡ ಸ್ಟೀಫನ್ ಚೌನ 'ಕುಂಗ್ ಫೂ ಹಸಲ್' ಚಿತ್ರದಲ್ಲಿ ಯುವೆನ್ ವಾ ಬಡವರ ವಠಾರವೊಂದರ ಮಾಲೀಕ. ಹೆಂಡತಿಗೆ ಹೆದರುವ, ಬಾಡಿಗೆಯ ಹೆಂಗಸರೊಡನೆ ಸಲಿಗೆ ತೋರುವ, ಏಟು ತಿನ್ನುವ ಮುದುಕ. ಹೆಂಡತಿ ಅವನನ್ನು ಮಹಡಿಯ ಕಿಟಕಿಯಿಂದ ಕೆಳಕ್ಕೆ ತಳ್ಳುತ್ತಾಳೆ. ಅವನು ನೆಲಕ್ಕೆ ಬಿದ್ದ ಮೇಲೆ ತಲೆಯ ಮೇಲೆ ಹೂಕುಂಡ ಬೀಳುತ್ತದೆ. ಬೀಳುವುದನ್ನೇ ವೃತ್ತಿಯಾಗಿಸಿಕೊಂಡಿದ್ದವನ ಬೀಳುವಿಕೆ ಇಲ್ಲಿ ಮೊದಲ ಬಾರಿಗೆ ಅವನದೇ ಪಾತ್ರದ ಬೀಳುವಿಕೆಯಾಗಿ, ಮುಖಸಹಿತವಾಗಿ ಕಾಣುತ್ತದೆ ಎನ್ನಬಹುದು. ಹೆಂಡತಿಯಾಗಿ ನಟಿಸಿದವಳು ಅದೇ ಶಾಲೆಯ ಯುವೆನ್ ಚ್ಯೂ.

ಕಥೆ ಮುಂದುವರಿದಂತೆ ಈ ದಂಪತಿ ಮಹಾನ್ ಸಮರಕಲಾವಿದರೆಂಬುದು ಹೊರಬೀಳುತ್ತದೆ. ಕಾಳಗವೊಂದರಲ್ಲಿ ಮಗನನ್ನು ಕಳೆದುಕೊಂಡು ಇನ್ನು ಹೊಡೆದಾಡುವುದಿಲ್ಲವೆಂದು ವಿದ್ಯೆಯನ್ನು ಮುಚ್ಚಿಟ್ಟವರು ಅವರು. ಮುಚ್ಚಿಟ್ಟ ವಿದ್ಯೆಯ ಈ ಕಥೆ ಆ ಇಬ್ಬರು ನಟರ ಚರಿತ್ರೆಯನ್ನು ಬಲ್ಲ ಹಾಂಗ್‌ಕಾಂಗ್ ಪ್ರೇಕ್ಷಕರಿಗೆ ಬೇರೆಯೇ ಅರ್ಥವನ್ನು ಕೊಟ್ಟಿರಲೇಬೇಕು. ಅವರ ಎದುರಿಗೆ ನಿಲ್ಲುವ ಕಡೆಯ ಖಳನ ಪಾತ್ರದಲ್ಲಿರುವುದು ಬ್ರೂಸ್ ಲಿಯುಂಗ್. ಲೀಯ ಸಾವಿನ ನಂತರ ಅವನ ಹೆಸರನ್ನು ಹೋಲುವ ಹೆಸರುಗಳಿಂದ ತೆರೆಗೆ ಬಂದ ನಟರ ಸಾಲಿನಲ್ಲಿ ಒಬ್ಬ ಈತ. ಬ್ರೂಸ್ ಲೀಯ ಲಾಗಗಳನ್ನು ಹಾಕಿದವನು ಒಂದು ಕಡೆ, ಹೆಸರನ್ನು ಧರಿಸಿದವನು ಇನ್ನೊಂದು ಕಡೆ, ನಡುವೆ ಲೀ ಇಲ್ಲ. ಮೂವತ್ತು ವರ್ಷಗಳ ಒಂದು ಉದ್ಯಮದ ಚರಿತ್ರೆ ಈ ಕಾಳಗದಲ್ಲಿ ನಗೆಯ ರೂಪದಲ್ಲಿ ಹಾದುಹೋಗುತ್ತದೆ.

ಈ ಪಾತ್ರಕ್ಕಾಗಿ 2005ರಲ್ಲಿ 24ನೆಯ ಹಾಂಗ್‌ಕಾಂಗ್ ಚಲನಚಿತ್ರ ಪ್ರಶಸ್ತಿಗಳಲ್ಲಿ ಯುವೆನ್ ವಾ ಅತ್ಯುತ್ತಮ ಪೋಷಕ ನಟನಾದನು. ಆಗ ಅವನಿಗೆ 54 ವರ್ಷ. ಅದೇ ವರ್ಷ ತೈವಾನಿನ ಗೋಲ್ಡನ್ ಹಾರ್ಸ್ ಪ್ರಶಸ್ತಿಗಳಲ್ಲಿ ಯುವೆನ್ ಚ್ಯೂ ಅತ್ಯುತ್ತಮ ಪೋಷಕ ನಟಿಯಾದಳು. 2021ರಲ್ಲಿ ಹಾಲಿವುಡ್‌ನ 'ಷಾಂಗ್-ಚಿ' ಚಿತ್ರದಲ್ಲಿ ಯುವೆನ್ ವಾ ಹಳ್ಳಿಯೊಂದರ ಸಮರಗುರು ಗ್ವಾಂಗ್ ಬೋ ಆಗಿ ಕಾಣಿಸಿಕೊಂಡನು.

ಆತನಿಗೆ ದೊರೆತದ್ದು ನಟನೆಯ ಪ್ರಶಸ್ತಿಯೇ ಹೊರತು ಸಾಹಸದ ಪ್ರಶಸ್ತಿಯಲ್ಲ. ಹಾಂಗ್‌ಕಾಂಗ್‌ನಲ್ಲಿ ಸಾಹಸ ಸಂಯೋಜನೆಗೆ ಪ್ರತ್ಯೇಕ ಪ್ರಶಸ್ತಿ 1983ರಿಂದಲೇ ಇದೆ. ಆ ವರ್ಷ ಅದನ್ನು ಪಡೆದದ್ದು 'ದ ಪ್ರಾಡಿಗಲ್ ಸನ್' ಚಿತ್ರದ ತಂಡ, ಅದರಲ್ಲಿ ಹಂಗ್, ಯುವೆನ್ ಬಿಯಾವ್, ಲಾಮ್ ಚಿಂಗ್-ಯಿಂಗ್ ಇದ್ದರು. ಭಾರತದ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಈ ವಿಭಾಗ ಬಂದದ್ದು 2017ರಲ್ಲಿ. 2019ರಲ್ಲಿ ಪ್ರಕಟವಾದ 66ನೆಯ ಪ್ರಶಸ್ತಿಗಳಲ್ಲಿ ಕನ್ನಡದ 'ಕೆಜಿಎಫ್: ಅಧ್ಯಾಯ 1' ಚಿತ್ರದ ಸಾಹಸ ನಿರ್ದೇಶಕರಾದ ವಿಕ್ರಂ ಮೋರ್ ಮತ್ತು ಅನ್ಬರಿವ್ ಅದನ್ನು ಪಡೆದರು. ಅಮೆರಿಕದ ಆಸ್ಕರ್ ಅಕಾಡೆಮಿ ಸಾಹಸ ವಿನ್ಯಾಸಕ್ಕೆ ಪ್ರಶಸ್ತಿ ನೀಡುವ ನಿರ್ಧಾರವನ್ನು 2025ರ ಏಪ್ರಿಲ್‌ನಲ್ಲಷ್ಟೇ ಪ್ರಕಟಿಸಿತು. ಅದು 2027ರಲ್ಲಿ ಬಿಡುಗಡೆಯಾಗುವ ಚಿತ್ರಗಳಿಗೆ, 2028ರ 100ನೆಯ ಸಮಾರಂಭದಲ್ಲಿ ಸಲ್ಲಬೇಕಾದದ್ದು. ಸಂಯೋಜನೆ, ನಿರ್ದೇಶನ, ವಿನ್ಯಾಸ ಎಂಬ ಈ ಮೂರೂ ಪದಗಳು ಯೋಚಿಸಿದವನನ್ನು ಗುರುತಿಸುತ್ತವೆ. ಬಿದ್ದವನು, ಹಾರಿದವನು ಇವುಗಳ ವ್ಯಾಪ್ತಿಗೆ ಬರುವುದಿಲ್ಲ. 'ಎಂಟರ್ ದ ಡ್ರ್ಯಾಗನ್' ಚಿತ್ರದ ಹೊಡೆದಾಟಗಳನ್ನು ಸಂಯೋಜಿಸಿದವನು ಸ್ವತಃ ಬ್ರೂಸ್ ಲೀ. ಆದ್ದರಿಂದ ಇಂತಹ ಪ್ರಶಸ್ತಿ 1973ರಲ್ಲಿಯೇ ಇದ್ದಿದ್ದರೂ ಓಹಾರಾನೊಡನೆ ನಡೆಯುವ ಕಾಳಗದ ಆ ಲಾಗಕ್ಕೆ ಸಲ್ಲುವ ಮನ್ನಣೆ ಯುವೆನ್ ವಾನ ಬಳಿಗೆ ಬರುತ್ತಿರಲಿಲ್ಲ.